ಮನೆ ಊರಲ್ಲಿ, ಕೆಲಸ ಬೆಂಗಳೂರಲ್ಲಿ: ನಮ್ಮ ಐಟಿ ಯುವಜನರ ಮುಂದಿನ ದಾರಿ ಯಾವುದು?

2020ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಸಾಫ್ಟ್‌ವೇರ್ ಯುವಕನನ್ನು ಇಗರ್ಜಿಯ ಅಂಗಳದಲ್ಲೋ ಪೇಟೆಯ ಅಂಗಡಿಯ ಎದುರೋ ಕಂಡವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾವಾಗ ಬಂದದ್ದು? ಎಷ್ಟು ದಿನ ರಜೆ?" ಈಗ ಅದೇ ಯುವಕನಿಗೆ ಅದೇ ಜನ ಕೇಳುವ ಪ್ರಶ್ನೆ ಬದಲಾಗಿದೆ: "ಇನ್ನೂ ಹೋಗಲಿಲ್ಲವಾ?" ಕೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಉತ್ತರಿಸಬೇಕಾದವನ ಮನಸ್ಸಿಗೆ ಅದು ಚುಚ್ಚುತ್ತದೆ. ಏಕೆಂದರೆ ಆ ಪ್ರಶ್ನೆಯನ್ನು ಅವನು ಪ್ರತಿ ರಾತ್ರಿ ತನಗೆ ತಾನೇ ಕೇಳಿಕೊಳ್ಳುತ್ತಿರುತ್ತಾನೆ.

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಇಂದು ಇಂತಹ ಅನೇಕ ಮನೆಗಳಿವೆ. ಮಾಳಿಗೆಯ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಕರೆಂಟ್ ಹೋದರೆ ಇರಲಿ ಎಂದು ಇನ್‌ವರ್ಟರ್, ಕೆಳಗೆ ವಯಸ್ಸಾದ ತಂದೆ ತಾಯಿ, ಹಿತ್ತಲಲ್ಲಿ ನಾಲ್ಕು ತೆಂಗು, ಒಂದಿಷ್ಟು ಮಲ್ಲಿಗೆ. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಸುಖ ಬೇರೆ ಏನಿದೆ ಎನಿಸುತ್ತದೆ. ಊರಿನ ಊಟ, ಪೇಟೆಯ ಸಂಬಳ! ಆದರೆ ಆ ಕೋಣೆಯೊಳಗೆ ಕುಳಿತವರಲ್ಲಿ ಹಲವರಿಗೆ ತಾವು ಎಲ್ಲೋ ಸಿಕ್ಕಿಬಿದ್ದಿದ್ದೇವೆ ಎಂಬ ಭಾವನೆ ಇದೆ. ಸಂಬಳ ಬರುತ್ತಿದೆ, ಕೆಲಸ ನಡೆಯುತ್ತಿದೆ, ಬದುಕು ಮಾತ್ರ ಮುಂದೆ ಹೋಗುತ್ತಿಲ್ಲ. ಇದು ಸೋಮಾರಿತನವೇ? ಊರಿನ ಮೋಹವೇ? ಅಥವಾ ನಾವು ಗಮನಿಸದೆ ಬಿಟ್ಟ ಬೇರೆ ಏನಾದರೂ ಕಾರಣ ಇದೆಯೇ?

ಬ್ಯಾಂಕಿನ ಕಾಲ, ಐಟಿಯ ಕಾಲ

ವಿದ್ಯಾವಂತ ಯುವಕ ಯುವತಿಯರು ಊರು ಬಿಡುವುದು ಕರಾವಳಿಗೆ ಹೊಸತಲ್ಲ. ಹೋಟೆಲ್ ಕೆಲಸಕ್ಕೆ, ಕಚೇರಿ ಕೆಲಸಕ್ಕೆ ಮುಂಬಯಿಗೆ ಹೋದವರು ನಮ್ಮ ಅಜ್ಜಂದಿರ ಕಾಲದವರು. 1970ರ ದಶಕದಿಂದ ಗಲ್ಫ್ ದೇಶಗಳ ದಾರಿ ತೆರೆಯಿತು. ಆದರೆ ಊರಿನಲ್ಲೇ ಅಥವಾ ಊರಿನ ಹತ್ತಿರವೇ ಗೌರವದ ಉದ್ಯೋಗ ಕೊಡುವ ವ್ಯವಸ್ಥೆಯೂ ನಮ್ಮಲ್ಲಿ ಇತ್ತು. ಅದು ಬ್ಯಾಂಕು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಇದೇ ನೆಲದಲ್ಲಿ ಹುಟ್ಟಿದವು. ಬ್ಯಾಂಕಿಗೆ ಸೇರಿದವನು ದೂರದ ಊರಿಗೆ ವರ್ಗವಾದರೂ ಮುಂದೊಂದು ದಿನ ಬಡ್ತಿಯೊಂದಿಗೆ ಮಂಗಳೂರಿಗೋ ಮಣಿಪಾಲಕ್ಕೋ ಮರಳುವ ಆಸೆ ಇಟ್ಟುಕೊಳ್ಳಬಹುದಿತ್ತು. ಅಲ್ಲಿ ಪ್ರಧಾನ ಕಚೇರಿಗಳೇ ಇದ್ದವು.

ಆ ಕಾಲ ಮುಗಿಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಮಣಿಪಾಲ ಮತ್ತು ಮಂಗಳೂರಿನ ಎರಡು ದೊಡ್ಡ ಪ್ರಧಾನ ಕಚೇರಿಗಳು ಪ್ರಧಾನ ಕಚೇರಿಗಳಾಗಿ ಉಳಿಯಲಿಲ್ಲ. ಶಾಖೆಗಳು ಇವೆ, ನೌಕರರೂ ಇದ್ದಾರೆ. ಆದರೆ ದೊಡ್ಡ ನಿರ್ಧಾರಗಳನ್ನು ತೆಗೆದುಕೊಳ್ಳುವ ಮೇಜುಗಳು ಬೇರೆಡೆಗೆ ಹೋದವು.

ಕಾಕತಾಳೀಯವೆಂಬಂತೆ ಅದೇ ದಿನಗಳಲ್ಲಿ, ಅಂದರೆ 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ವೇಳೆಗೆ, ಐಟಿ ಉದ್ಯೋಗಿಗಳು ಲ್ಯಾಪ್‌ಟಾಪ್ ಸಮೇತ ಊರಿಗೆ ಬರತೊಡಗಿದರು. ಒಂದು ಕೈಯಿಂದ ಹೋದದ್ದು ಇನ್ನೊಂದು ಕೈಗೆ ಬಂದಂತೆ ಆ ಕ್ಷಣಕ್ಕೆ ಕಂಡಿತು. ಇನ್ನು ಮುಂದೆ ಊರು ಬಿಡುವ ಅಗತ್ಯವೇ ಇಲ್ಲ ಎಂದು ಅನೇಕರು ನಂಬಿದರು. ಆ ನಂಬಿಕೆಯ ಮೇಲೆ ಕೆಲವರು ಮನೆ ಕಟ್ಟಿದರು, ಸಾಲ ಮಾಡಿದರು, ಮದುವೆಯಾದರು, ಮಕ್ಕಳನ್ನು ಊರಿನ ಶಾಲೆಗೆ ಸೇರಿಸಿದರು. ಇಂದಿನ ಸಂಕಟದ ಬೇರು ಇಲ್ಲಿದೆ.

ನಿಂತುಹೋಗುವುದು ಹೇಗೆ?

ಬೆಂಗಳೂರಿನ ಕಂಪೆನಿಯೊಂದರಲ್ಲಿ ನಾಲ್ಕು ವರ್ಷ ದುಡಿದು, 2020ರಲ್ಲಿ ಊರಿಗೆ ಬಂದು, ಇಲ್ಲಿಂದಲೇ ಕೆಲಸ ಮುಂದುವರಿಸಿದ ಒಬ್ಬ ಉದ್ಯೋಗಿಯನ್ನು ಊಹಿಸಿಕೊಳ್ಳೋಣ. ಇದು ಒಬ್ಬನ ಕಥೆಯಲ್ಲ, ಹಲವು ಮನೆಗಳ ಕಥೆ.

ಮೊದಲ ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಆದ್ದರಿಂದ ಊರಲ್ಲಿದ್ದವನಿಗೂ ಬೆಂಗಳೂರಿನಲ್ಲಿದ್ದವನಿಗೂ ವ್ಯತ್ಯಾಸ ಇರಲಿಲ್ಲ. ನಂತರ ಉಳಿದವರು ಒಬ್ಬೊಬ್ಬರಾಗಿ ಕಚೇರಿಗೆ ಮರಳಿದರು. ಹೊಸ ಪ್ರಾಜೆಕ್ಟ್ ಬಂದಾಗ ಮ್ಯಾನೇಜರ್ ಮೊದಲು ಕೇಳುವುದು ಎದುರಿಗೆ ಕಾಣುವವರನ್ನು. ದೂರದಲ್ಲಿರುವವನ ಪಾಲಿಗೆ ಉಳಿಯುವುದು ಹಳೆಯ ಪ್ರಾಜೆಕ್ಟಿನ ನಿರ್ವಹಣೆ. ಅಂದರೆ ಗ್ರಾಹಕರಿಂದ ದೂರು ಬಂದಾಗ ಸರಿಪಡಿಸುವುದು, ರಾತ್ರಿ ಪಾಳಿಯಲ್ಲಿ ಸಿಸ್ಟಮ್ ಮೇಲೆ ಕಣ್ಣಿಡುವುದು, ಹಳೆಯ ಸಾಫ್ಟ್‌ವೇರನ್ನು ಪರೀಕ್ಷಿಸುವುದು. ಇದು ಬೇಕಾದ ಕೆಲಸವೇ. ಆದರೆ ಐದು ವರ್ಷ ಅದನ್ನೇ ಮಾಡಿದವನ ಅನುಭವ ಐದು ವರ್ಷದ್ದಾಗಿರುವುದಿಲ್ಲ. ಒಂದು ವರ್ಷದ ಅನುಭವವೇ ಐದು ಸಲ ಬಂದಿರುತ್ತದೆ.

ಎರಡನೆಯದು ಕಲಿಕೆ. ಐಟಿಯಲ್ಲಿ ಅರ್ಧ ವಿದ್ಯೆ ತರಬೇತಿಯಿಂದ ಬರುತ್ತದೆ, ಉಳಿದರ್ಧ ಪಕ್ಕದವನಿಂದ. ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಯಾರೋ ಹೊಸ ತಂತ್ರಜ್ಞಾನದ ಹೆಸರು ಹೇಳುತ್ತಾರೆ, ಯಾರೋ ಕೆಲಸ ಬಿಡುತ್ತಿದ್ದಾರೆ ಎಂದು ತಿಳಿಯುತ್ತದೆ, ಯಾವ ಕಂಪೆನಿಯಲ್ಲಿ ಜನ ಬೇಕಾಗಿದ್ದಾರೆ ಎಂಬ ಸುದ್ದಿ ಸಿಗುತ್ತದೆ. ಮಾಳಿಗೆಯ ಕೋಣೆಗೆ ಈ ಸುದ್ದಿ ತಲುಪುವುದಿಲ್ಲ. ಅಲ್ಲಿಗೆ ತಲುಪುವುದು ಮೀಟಿಂಗಿನ ಕರೆ ಮಾತ್ರ.

ಮೂರನೆಯದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಎರಡನೇ ಬಾಗಿಲು ಇಲ್ಲದಿರುವುದು. ಬೆಂಗಳೂರಿನಲ್ಲಿ ಒಂದು ಕಂಪೆನಿ ಬೇಡವೆನಿಸಿದರೆ ಅದೇ ರಸ್ತೆಯಲ್ಲಿ ಇನ್ನೊಂದು ಕಂಪೆನಿ ಇರುತ್ತದೆ. ಐಟಿ ಉದ್ಯೋಗಿಯ ಸಂಬಳ ಹೆಚ್ಚುವುದು ಸಾಮಾನ್ಯವಾಗಿ ಕಂಪೆನಿ ಬದಲಿಸಿದಾಗ ಎಂಬುದು ಆ ಕ್ಷೇತ್ರದವರಿಗೆಲ್ಲ ತಿಳಿದ ವಿಷಯ. ಹಳ್ಳಿಯಲ್ಲಿ ಕುಳಿತವನಿಗೆ ಆ ಅವಕಾಶ ಇಲ್ಲ. ಇರುವ ಕೆಲಸ ಬಿಟ್ಟರೆ ಊರನ್ನೂ ಬಿಡಬೇಕು. ಇದನ್ನು ಅವನ ಕಂಪೆನಿಯೂ ಬಲ್ಲದು. ಬೇರೆ ಕಡೆ ಹೋಗಲಾರದವನಿಗೆ ಸಂಬಳ ಹೆಚ್ಚಿಸುವ ಅವಸರ ಯಾರಿಗೂ ಇರುವುದಿಲ್ಲ!

ಹಳ್ಳಿಯಲ್ಲಿ ಇಂಟರ್‌ನೆಟ್ ಸರಿಯಿಲ್ಲ ಎಂಬ ದೂರು ಹಳೆಯದು. ಊರಿನ ಕೇಬಲ್‌ನವರೇ ಫೈಬರ್ ತಂದು ಕೊಡುವ ಈ ಕಾಲದಲ್ಲಿ ಅದು ಅನೇಕ ಕಡೆ ಪರಿಹಾರವಾಗಿದೆ. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಒಂದೆರಡು ದಿನ ಕಷ್ಟ, ಅಷ್ಟೆ. ಇಂದಿನ ಕೊರತೆ ತಂತಿಯದ್ದಲ್ಲ, ಜೊತೆಗಾರರದ್ದು.

ಕಚೇರಿಗೆ ಬನ್ನಿ ಎಂಬ ಕರೆ

ಈ ನಡುವೆ ಕಂಪೆನಿಗಳ ಧೋರಣೆ ಬದಲಾಯಿತು. 2023ರ ಅಕ್ಟೋಬರ್‌ನಿಂದ ಟಿಸಿಎಸ್ ತನ್ನ ಉದ್ಯೋಗಿಗಳನ್ನು ವಾರದ ಐದೂ ದಿನ ಕಚೇರಿಗೆ ಬರುವಂತೆ ಕೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ವಿಪ್ರೋ ವಾರಕ್ಕೆ ಕನಿಷ್ಠ ಮೂರು ದಿನ ಎಂದು ನಿಗದಿ ಮಾಡಿತು. 2025ರ ಮಾರ್ಚ್‌ನಿಂದ ಇನ್ಫೋಸಿಸ್ ಕೆಳ ಮತ್ತು ಮಧ್ಯಮ ಹಂತದ ಉದ್ಯೋಗಿಗಳಿಗೆ ತಿಂಗಳಿಗೆ ಕನಿಷ್ಠ 10 ದಿನದ ಹಾಜರಿಯನ್ನು ಕಡ್ಡಾಯಗೊಳಿಸಿತು.

ತಿಂಗಳಿಗೆ ಹತ್ತು ದಿನ ಎಂದರೆ ಬೆಂಗಳೂರಿನಲ್ಲಿ ಮನೆ ಇರುವವನಿಗೆ ಸುಲಭ. ಉಡುಪಿಯ ಹಳ್ಳಿಯವನಿಗೆ? ಬಸ್ಸಿನಲ್ಲೋ ಪಂಚಗಂಗಾ ರೈಲಿನಲ್ಲೋ ಇಡೀ ರಾತ್ರಿಯ ಪ್ರಯಾಣ. ಅಲ್ಲಿ ಪಿ.ಜಿ. ಕೋಣೆಯ ಬಾಡಿಗೆ, ಇಲ್ಲಿ ಮನೆಯ ಸಾಲದ ಕಂತು. ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ರಸ್ತೆಯಲ್ಲೂ, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದಲ್ಲೂ ಗುಡ್ಡ ಕುಸಿದು ಸಂಚಾರ ನಿಂತದ್ದು ನಮಗೆಲ್ಲ ನೆನಪಿದೆ. ಅತ್ತ ದರಿ, ಇತ್ತ ಪುಲಿ ಎಂಬ ಮಾತು ಈ ಉದ್ಯೋಗಿಗಳ ಪಾಲಿಗೆ ದಿನನಿತ್ಯದ ಸತ್ಯವಾಗಿದೆ.

ಕಂಪೆನಿಗಳ ವಾದದಲ್ಲಿ ಹುರುಳಿಲ್ಲ ಎಂದು ಹೇಳುವಂತಿಲ್ಲ. ಹೊಸದಾಗಿ ಸೇರಿದವರು ಹಿರಿಯರ ಜೊತೆ ಕುಳಿತರೆ ಮಾತ್ರ ಕಲಿಯುತ್ತಾರೆ ಎಂಬುದು ನಿಜ. ಮನೆಯಲ್ಲಿ ಕುಳಿತು ಎರಡು ಕಂಪೆನಿಗೆ ದುಡಿದವರೂ ಇದ್ದರು. ಸ್ಪರ್ಧಿಗಳಿಗಾಗಿ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ವಿಪ್ರೋ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕೆಲವರ ತಪ್ಪಿನಿಂದ ನಂಬಿಕೆ ಕಳೆದುಹೋದಾಗ ಅದರ ಬೆಲೆ ತೆರುವವರು ಪ್ರಾಮಾಣಿಕರು.

ಹೆಣ್ಣುಮಕ್ಕಳ ಮೇಲೆ ಹೆಚ್ಚಿನ ಹೊರೆ

ಈ ಬದಲಾವಣೆಯ ಏಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಮದುವೆಯಾಗಿ, ಮಗುವಾಗಿ, ಅತ್ತೆ ಮಾವನ ಆರೈಕೆಯ ಜವಾಬ್ದಾರಿಯೂ ಇರುವ ಹೆಣ್ಣುಮಗಳಿಗೆ ಮನೆಯಿಂದ ಮಾಡುವ ಕೆಲಸ ಒಂದು ವರವಾಗಿತ್ತು. ಹಿಂದೆ ಹೆರಿಗೆಯ ಬಳಿಕ ಕೆಲಸ ಬಿಡುತ್ತಿದ್ದವರು 2020ರ ನಂತರ ಕೆಲಸ ಉಳಿಸಿಕೊಂಡರು. ಈಗ ಕಚೇರಿಗೆ ಬನ್ನಿ ಎಂಬ ಇಮೇಲ್ ಬಂದಾಗ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ನೀನು ಬಿಟ್ಟುಬಿಡು, ಅವನ ಸಂಬಳ ಇದೆಯಲ್ಲ" ಎಂಬುದು. ಎಂಟು ಹತ್ತು ವರ್ಷದ ಅನುಭವ ಒಂದು ಸಂಜೆಯ ಮಾತುಕತೆಯಲ್ಲಿ ಮುಗಿದುಹೋಗುತ್ತದೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ಅಷ್ಟೇ ಅಲ್ಲ, ಕೆಲಸದ ಸ್ವರೂಪ ಮನೆಯಿಂದ ಮಾಡುವಂತಹದ್ದಾಗಿದ್ದರೆ, ರಜೆ ಮುಗಿದ ಮೇಲೂ ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ಕೆಲಸ ಮಾಡಲು ಅವಕಾಶ ನೀಡಬಹುದು ಎಂದಿತು. ಇದು ಹಕ್ಕಲ್ಲ, ಒಪ್ಪಂದದ ಮಾತು. ಆದರೂ ರಾಜೀನಾಮೆ ಬರೆಯುವ ಮೊದಲು ಲಿಖಿತವಾಗಿ ಕೇಳಿ ನೋಡಲು ಒಂದು ಆಧಾರ. ಕೇಳದೆ ಬಿಟ್ಟವರೇ ಹೆಚ್ಚು.

ಯಂತ್ರ ಬರೆಯುವ ಕೋಡ್, ಕುಗ್ಗುವ ಕೆಲಸ

2022ರ ನವೆಂಬರ್‌ನಲ್ಲಿ ಚಾಟ್ ಜಿಪಿಟಿ ಬಂದ ಮೇಲೆ ಐಟಿ ಕ್ಷೇತ್ರದ ಲೆಕ್ಕಾಚಾರಗಳು ಬದಲಾದವು. ಸುಲಭದ ಕೋಡ್ ಬರೆಯುವುದು, ಪರೀಕ್ಷೆಯ ಪಟ್ಟಿ ತಯಾರಿಸುವುದು, ಗ್ರಾಹಕರ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಿಸುವುದು, ಇವೆಲ್ಲ ಯಂತ್ರಕ್ಕೆ ಮೊದಲು ಸಿಕ್ಕಿದ ಕೆಲಸಗಳು. ದುರದೃಷ್ಟವೆಂದರೆ ದೂರದಲ್ಲಿ ಕುಳಿತವರ ಪಾಲಿಗೆ ಬಂದಿದ್ದ ಕೆಲಸವೂ ಹೆಚ್ಚಾಗಿ ಇದೇ.

2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ ಇದರ ಪರಿಣಾಮ ಎಂದೂ ಹೇಳಿತು. ಅದಕ್ಕೂ ಮೊದಲು ಜೂನ್‌ನಲ್ಲಿ ಉದ್ಯೋಗಿಯೊಬ್ಬ ವರ್ಷಕ್ಕೆ 225 ದಿನ ಗ್ರಾಹಕರ ಕೆಲಸದಲ್ಲಿ ತೊಡಗಿರಬೇಕು, ಪ್ರಾಜೆಕ್ಟ್ ಇಲ್ಲದೆ ಕಾಯುವ 'ಬೆಂಚ್' ಅವಧಿ 35 ದಿನ ಮೀರಬಾರದು ಎಂಬ ನಿಯಮ ತಂದಿತ್ತು. ಹಿಂದೆ ಬೆಂಚ್ ಎಂದರೆ ಸಂಬಳ ಪಡೆಯುತ್ತ ಹೊಸದನ್ನು ಕಲಿಯುವ ಸಮಯ. ಈಗ ಅದು ಎಣಿಕೆಯ ದಿನ. ಹೊಸ ಪ್ರಾಜೆಕ್ಟ್ ಹುಡುಕಿಕೊಳ್ಳಲು ಪರಿಚಯ ಬೇಕು, ಓಡಾಟ ಬೇಕು. ಊರಲ್ಲಿರುವವನಿಗೆ ಇವೆರಡೂ ಕಡಿಮೆ.

ಇದರಿಂದ ಐಟಿಯೇ ಮುಗಿಯಿತು ಎಂದು ಹೆದರಿಸುವವರ ಮಾತು ನಂಬಬೇಕಾಗಿಲ್ಲ. ಆದರೆ ಪದವಿ ಪಡೆದು ಒಂದು ಕಂಪೆನಿ ಸೇರಿದರೆ ನಿವೃತ್ತಿಯವರೆಗೆ ಚಿಂತೆಯಿಲ್ಲ ಎಂಬ, ಬ್ಯಾಂಕಿನ ಕಾಲದಿಂದ ನಮ್ಮ ಮನೆಗಳಲ್ಲಿ ಉಳಿದುಬಂದ ನಂಬಿಕೆಯನ್ನು ಬಿಡಬೇಕಾಗಿದೆ.

ಹೊರದೇಶದ ಬಾಗಿಲು ಮತ್ತು ಮೋಸದ ಬಲೆ

ಸಿಕ್ಕಿಬಿದ್ದೆ ಎನಿಸಿದಾಗ ಕರಾವಳಿಯ ಮನಸ್ಸು ಮೊದಲು ಓಡುವುದು ಸಮುದ್ರದಾಚೆಗೆ. ಆದರೆ ಆ ದಾರಿಯೂ ಹಿಂದಿನಷ್ಟು ಸುಲಭವಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಹೊಸ ಎಚ್-1ಬಿ ವೀಸಾ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಡಿಸಿದಾಗ ಎಷ್ಟೋ ಮನೆಗಳ ಲೆಕ್ಕ ತಲೆಕೆಳಗಾಯಿತು.

ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರುಕಟ್ಟೆಯ ಒಳ್ಳೆಯ ಕೆಲಸ ಎಂದು ಹೇಳಿ ಐಟಿ ಬಲ್ಲ ಭಾರತೀಯ ಯುವಕರನ್ನು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ, ಸೈಬರ್ ವಂಚನೆ ಮಾಡಿಸುವ ಜಾಲಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ನೀಡಿತ್ತು. ಇಂತಹ ಏಜೆಂಟರು ಹುಡುಕುವುದು ಯಾರನ್ನು? ಕಂಪ್ಯೂಟರ್ ಗೊತ್ತಿದ್ದು, ಊರಲ್ಲಿ ಬೇಸತ್ತು, ಹೇಗಾದರೂ ಹೊರಗೆ ಹೋಗಬೇಕು ಎನ್ನುವವರನ್ನು. ವಿದೇಶದ ಕೆಲಸ ಬಂದಾಗ ಕರೆದವರು ಪರಿಚಯದವರೇ ಆಗಿದ್ದರೂ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ನೋಡಿ ಮುಂದುವರಿಯಬೇಕು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆದರೆ ಅಲ್ಲಿಗೇ ಮಾತು ನಿಲ್ಲಿಸುವುದು ಲೇಸು. ಕೆಲಸ ಕೊಡಿಸುವುದಾಗಿ ಆನ್‌ಲೈನಿನಲ್ಲಿ ಹಣ ಕಸಿದುಕೊಂಡರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಊರಲ್ಲೇ ಆಗುವುದಿಲ್ಲವೇ?

ಹಾಗಾದರೆ ಊರಲ್ಲಿದ್ದು ಐಟಿಯಲ್ಲಿ ಬೆಳೆಯಲು ಸಾಧ್ಯವೇ ಇಲ್ಲವೇ? ಇದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆ ಆ್ಯಪಲ್ ಕಂಪ್ಯೂಟರುಗಳ ಸಾಫ್ಟ್‌ವೇರ್ ಕೆಲಸದಿಂದ ಮೊದಲ್ಗೊಂಡು ಮೊಬೈಲ್ ಆ್ಯಪ್‌ಗಳವರೆಗೆ ಬೆಳೆಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಖರೀದಿಸುವ ಮಟ್ಟಕ್ಕೆ ಬಂತು. ಅವರೇ ಕಟ್ಟಿದ 99ಗೇಮ್ಸ್ ಸಂಸ್ಥೆಯ 'ಸ್ಟಾರ್ ಶೆಫ್' ಆಟ ಉಡುಪಿಯಲ್ಲೇ ರೂಪುಗೊಂಡು ಹೊರದೇಶಗಳಿಗೂ ಹೋಯಿತು. ಇನ್ಫೋಸಿಸ್ 1990ರ ದಶಕದಲ್ಲೇ ಮಂಗಳೂರಿಗೆ ಬಂದು, ಈಗ ಮುಡಿಪುವಿನಲ್ಲಿ ದೊಡ್ಡ ಆವರಣ ಹೊಂದಿದೆ.

ತಮಿಳುನಾಡಿನಲ್ಲಿ ಶ್ರೀಧರ್ ವೆಂಬು ಅವರ ಝೋಹೋ ಕಂಪೆನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೆಂಕಾಶಿ ಸಮೀಪದ ಹಳ್ಳಿಯಲ್ಲಿ ಕಚೇರಿ ತೆರೆದು, ಅಲ್ಲಿಂದಲೇ 'ಝೋಹೋ ಡೆಸ್ಕ್' ಎಂಬ ಪೂರ್ಣ ಉತ್ಪನ್ನವನ್ನು ತಯಾರಿಸಿತು. ಗಮನಿಸಬೇಕಾದ ಅಂಶ ಇದು: ಪಟ್ಟಣದಲ್ಲಿ ಮಾಡಿ ಉಳಿದ ಚೂರುಪಾರು ಕೆಲಸವನ್ನು ಹಳ್ಳಿಗೆ ಕಳುಹಿಸಲಿಲ್ಲ. ಇಡೀ ಕೆಲಸದ ಹೊಣೆಯನ್ನೇ ಹಳ್ಳಿಗೆ ಕೊಟ್ಟರು.

ಉಡುಪಿ, ತೆಂಕಾಶಿ ಎರಡರಲ್ಲೂ ಉದ್ಯೋಗಿಗಳು ಒಬ್ಬೊಬ್ಬರಾಗಿ ಮನೆಯ ಕೋಣೆಯಲ್ಲಿ ಕುಳಿತಿರಲಿಲ್ಲ. ಹತ್ತಾರು ಮಂದಿ ಒಟ್ಟಿಗಿದ್ದರು, ಒಬ್ಬರಿಂದ ಒಬ್ಬರು ಕಲಿತರು, ಹಿರಿಯರ ಕೈಕೆಳಗೆ ಕಿರಿಯರು ತಯಾರಾದರು. ಹಳ್ಳಿ ಅವರ ಬೆಳವಣಿಗೆಗೆ ಅಡ್ಡಿಯಾಗಲಿಲ್ಲ. ಒಂಟಿತನ ಅಡ್ಡಿಯಾಗುತ್ತಿತ್ತು, ಅದು ಅಲ್ಲಿ ಇರಲಿಲ್ಲ.

ಕರ್ನಾಟಕ ಸರಕಾರ 'ಬೆಂಗಳೂರಿನಾಚೆ' ಎಂಬ ಆಶಯದೊಂದಿಗೆ ಡಿಜಿಟಲ್ ಎಕಾನಮಿ ಮಿಷನ್ ಮೂಲಕ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ವಲಯಗಳನ್ನು ಗುರುತಿಸಿ ಕೆಲಸ ಮಾಡುತ್ತ ಬಂದಿದೆ. ಉದ್ದೇಶ ಒಳ್ಳೆಯದು. ಆದರೆ ಎಷ್ಟು ಕಟ್ಟಡಗಳು ಎದ್ದವು ಎಂಬುದರಿಂದ ಇದರ ಯಶಸ್ಸನ್ನು ಅಳೆಯಬಾರದು. ಮಂಗಳೂರು-ಉಡುಪಿ ನಡುವಿನ ಉದ್ಯೋಗಿಯೊಬ್ಬ ಒಂದು ಕಂಪೆನಿ ಬಿಟ್ಟು, ಮನೆ ಬದಲಿಸದೆ, ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸಕ್ಕೆ ಸೇರಲು ಸಾಧ್ಯವಾಯಿತೇ ಎಂಬುದೇ ನಿಜವಾದ ಅಳತೆಗೋಲು. ನಿಟ್ಟೆ, ಸುರತ್ಕಲ್, ಮಣಿಪಾಲ, ವಾಮಂಜೂರು ಹೀಗೆ ಎಲ್ಲ ದಿಕ್ಕಿನಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿರುವ ನಾಡಿನಲ್ಲಿ ಕಲಿತವರೆಲ್ಲ ಘಾಟಿ ಹತ್ತಲೇಬೇಕು ಎಂದಾದರೆ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೇ ನಿಜ ಮಾಡಿದಂತಾಗುತ್ತದೆ.

ಸಿಕ್ಕಿಬಿದ್ದವರು ಏನು ಮಾಡಬಹುದು?

ಮೊದಲು ನಿಂತದ್ದು ಯಾವುದು ಎಂದು ತಿಳಿಯಬೇಕು. ಸಂಬಳ ನಿಂತಿದೆಯೇ? ಕಲಿಕೆ ನಿಂತಿದೆಯೇ? ಅಥವಾ ಮನಸ್ಸು ನಿಂತಿದೆಯೇ? ಮೂರಕ್ಕೂ ಮದ್ದು ಬೇರೆ ಬೇರೆ.

ಸಂಬಳ ಮಾತ್ರ ನಿಂತಿದ್ದರೆ ಊರಲ್ಲಿ ಉಳಿತಾಯವಾಗುವ ಬಾಡಿಗೆ, ಓಡಾಟದ ಖರ್ಚು ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ. ಬೆಂಗಳೂರಿನ ಹೆಚ್ಚಿನ ಸಂಬಳಕ್ಕಿಂತ ಇಲ್ಲಿನ ಕಡಿಮೆ ಸಂಬಳದಲ್ಲಿ ಉಳಿಯುವುದೇ ಜಾಸ್ತಿ ಇರಬಹುದು. ಹಾಗಿದ್ದರೆ ಅದು ಸೋಲಲ್ಲ, ತಿಳಿದು ಮಾಡಿದ ಆಯ್ಕೆ.

ಕಲಿಕೆ ನಿಂತಿದ್ದರೆ ಅದು ನಿಜವಾದ ಅಪಾಯ. ಹಳೆಯ ಪ್ರಾಜೆಕ್ಟಿನಿಂದ ಬದಲಾಯಿಸಿ ಎಂದು ಮ್ಯಾನೇಜರಿಗೆ ಲಿಖಿತವಾಗಿ ಕೇಳಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್, ಕೇಂದ್ರ ಸರಕಾರದ ಸ್ವಯಂ ಜಾಲತಾಣಗಳಲ್ಲಿ ಪಾಠ ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಆದರೆ ಸರ್ಟಿಫಿಕೇಟ್ ಕೂಡಿಹಾಕಿದರೆ ಸಾಲದು. ಕಲಿತದ್ದರಿಂದ ಒಂದು ಸಣ್ಣ ಕೆಲಸವನ್ನಾದರೂ ಪೂರ್ತಿಯಾಗಿ ಮಾಡಿ ತೋರಿಸಬೇಕು. ಯಂತ್ರ ಕೋಡ್ ಬರೆಯಬಲ್ಲದು ನಿಜ, ಬರೆದದ್ದು ಸರಿಯೇ ಎಂದು ನೋಡಿ ಹೊಣೆ ಹೊರುವವರು ಬೇಕೇ ಬೇಕು.

ಕೆಲಸ ಬಿಡುವ ಯೋಚನೆ ಇದ್ದರೆ ಇನ್ನೊಂದು ಕೆಲಸದ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬಾರದು. ಆರು ತಿಂಗಳ ಮನೆ ಖರ್ಚು ಮತ್ತು ಸಾಲದ ಕಂತು ಬ್ಯಾಂಕಿನಲ್ಲಿ ಇರಲಿ. ತಂದೆ ತಾಯಿಯ ಆರೋಗ್ಯ ವಿಮೆ ಕಂಪೆನಿಯ ಹೆಸರಿನಲ್ಲಿದ್ದರೆ, ಕೆಲಸ ಹೋದ ದಿನವೇ ಅದೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಪ್ರತ್ಯೇಕ ವಿಮೆ ಮಾಡಿಸುವುದು ಒಳಿತು. ವಿದೇಶಿ ಕಂಪೆನಿಗೆ ಗುತ್ತಿಗೆಯ ಮೇಲೆ ಮನೆಯಿಂದ ದುಡಿಯುವವರಿಗೆ ಡಾಲರ್ ಬರುತ್ತದೆ, ಆದರೆ ಭವಿಷ್ಯನಿಧಿ, ಗ್ರಾಚ್ಯುಟಿ, ವೇತನಸಹಿತ ರಜೆ ಸಾಮಾನ್ಯವಾಗಿ ಇರುವುದಿಲ್ಲ. ಆ ಡಾಲರಿನಿಂದಲೇ ಅದನ್ನೆಲ್ಲ ಕಟ್ಟಿಕೊಳ್ಳಬೇಕು.

ಇನ್ನು ಕೆಲವರು ಎರಡು ವರ್ಷಕ್ಕಾದರೂ ಬೆಂಗಳೂರಿಗೆ ಮರಳುವುದೇ ಸರಿಯಾದ ದಾರಿಯಾಗಿರಬಹುದು. ಹೊಸದನ್ನು ಕಲಿತು, ಪರಿಚಯ ಬೆಳೆಸಿ, ಪುನಃ ಊರಿಗೆ ಬರುವ ಲೆಕ್ಕ ಹಾಕಿ ಹೋದರೆ ಅದು ಊರನ್ನು ತೊರೆದಂತಲ್ಲ. ವಯಸ್ಸು ಚಿಕ್ಕದಿರುವವರು, ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಮಾತ್ರ ಆದವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಕಲಿಯುವ ವರ್ಷಗಳಲ್ಲಿ ಒಂಟಿಯಾಗಿ ಕುಳಿತರೆ ಆ ನಷ್ಟವನ್ನು ತುಂಬುವುದು ಕಷ್ಟ.

ಮನಸ್ಸು ನಿಂತಿದ್ದರೆ? ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸಾಗದಿದ್ದರೆ, ನಿದ್ದೆ ಬಾರದಿದ್ದರೆ, ಯಾರೊಡನೆಯೂ ಮಾತು ಬೇಡವೆನಿಸಿದರೆ ಅದನ್ನು ಕೆಲಸದ ಬೇಸರ ಎಂದು ತಳ್ಳಿಹಾಕಬಾರದು. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು, ಊರಿನವರು

ಕೊನೆಯದಾಗಿ ನಮ್ಮ ಪಾಲು. ಮನೆಯಲ್ಲಿದ್ದಾನೆ ಎಂದರೆ ಬಿಡುವಾಗಿದ್ದಾನೆ ಎಂದು ಭಾವಿಸುವ ಹಿರಿಯರಿದ್ದಾರೆ. ಪಡಿತರ ತರಲು, ಬ್ಯಾಂಕಿಗೆ ಹೋಗಲು, ನೆಂಟರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಅವನೇ ಬೇಕು. ಅವಳಾದರೆ ಅಡುಗೆಯೂ ಅವಳದೇ. ಮೀಟಿಂಗಿನ ನಡುವೆ ಕರೆಯುವ ಮುನ್ನ, ಕೋಣೆಯ ಬಾಗಿಲು ಮುಚ್ಚಿದ್ದರೆ ಅದು ಕಚೇರಿ ಎಂದು ತಿಳಿಯೋಣ. ಮದುವೆಯ ಮಾತು ಬಂದಾಗ ಹುಡುಗ ಊರಲ್ಲೇ ಇದ್ದಾನೆ ಎಂಬುದನ್ನು ಕೊರತೆಯಾಗಿ ನೋಡುವುದನ್ನೂ ನಿಲ್ಲಿಸೋಣ.

ಊರಿನ ಮಟ್ಟದಲ್ಲಿ ಮಾಡಬಹುದಾದ ಒಂದು ಕೆಲಸವಿದೆ, ಖರ್ಚೂ ಹೆಚ್ಚಿಲ್ಲ. ವಾರದ ದಿನಗಳಲ್ಲಿ ಖಾಲಿ ಬಿದ್ದಿರುವ ಸಭಾಭವನದ ಕೋಣೆಯೊಂದು ಬಹುತೇಕ ಎಲ್ಲ ಊರಲ್ಲೂ ಇದೆ: ಇಗರ್ಜಿಯದ್ದೋ, ಯುವಕ ಮಂಡಲದ್ದೋ, ಸಹಕಾರಿ ಸಂಘದ್ದೋ. ಗ್ರಾಮ ಪಂಚಾಯತುಗಳ ಅರಿವು ಕೇಂದ್ರಗಳೂ ಇವೆ. ಒಂದು ಫೈಬರ್ ಸಂಪರ್ಕ, ಒಂದು ಇನ್‌ವರ್ಟರ್, ಹತ್ತು ಕುರ್ಚಿ ಹಾಕಿ, ವಾರಕ್ಕೆ ಎರಡು ದಿನವಾದರೂ ಆ ಪರಿಸರದ ಐಟಿ ಉದ್ಯೋಗಿಗಳು ಒಟ್ಟಿಗೆ ಕುಳಿತು ತಮ್ಮ ತಮ್ಮ ಕೆಲಸ ಮಾಡಲಿ. ಬೇರೆ ಬೇರೆ ಕಂಪೆನಿಯವರಾದರೂ ಚಿಂತೆಯಿಲ್ಲ. ಚಹಾದ ಹೊತ್ತಿಗೆ ಮಾತು ಬರುತ್ತದೆ, ಸುದ್ದಿ ಹರಿದಾಡುತ್ತದೆ. ಬಹಳಷ್ಟು ಕಂಪೆನಿಗಳಲ್ಲಿ ಈಗಿರುವ ಉದ್ಯೋಗಿಯ ಶಿಫಾರಸಿಗೆ ಬೆಲೆ ಇದೆ. ಊರಿನವನೊಬ್ಬ ಇನ್ನೊಬ್ಬನಿಗೆ ಬಾಗಿಲು ತೆರೆಯಬಹುದು. ಪದವಿ ಓದುತ್ತಿರುವ ಮಕ್ಕಳು ತಿಂಗಳಿಗೊಮ್ಮೆ ಬಂದು ಕುಳಿತರೆ ಅವರಿಗೂ ಈ ಕ್ಷೇತ್ರದ ನಿಜ ಸ್ಥಿತಿ ತಿಳಿಯುತ್ತದೆ.

ಇದರಿಂದ ನಾಳೆಯೇ ಉದ್ಯೋಗ ಸೃಷ್ಟಿಯಾಗುವುದಿಲ್ಲ, ಕಂಪೆನಿಗಳ ಆದೇಶವೂ ಬದಲಾಗುವುದಿಲ್ಲ. ಆದರೆ ಹತ್ತು ಮನೆಯ ಹತ್ತು ಕೋಣೆಗಳಲ್ಲಿ ಒಂಟಿಯಾಗಿ ಕುಳಿತವರು ಒಂದೆಡೆ ಸೇರಿದರೆ, ನಮ್ಮ ಊರಲ್ಲಿ ಇಷ್ಟು ಮಂದಿ ಅನುಭವಸ್ಥರು ಇದ್ದಾರೆ ಎಂದು ಹೊರಗಿನವರಿಗೆ ಹೇಳಲಾದರೂ ಒಂದು ಲೆಕ್ಕ ಸಿಗುತ್ತದೆ. ಹತ್ತು ಮಂದಿ ಕೂಡಿದಲ್ಲಿ ಕಚೇರಿ ತೆರೆಯಲು ಕಂಪೆನಿಗೂ ಧೈರ್ಯ ಬರುತ್ತದೆ.

ನೂರು ವರ್ಷದ ಹಿಂದೆ ಈ ಜಿಲ್ಲೆಯ ಜನ ಹೊರಗಿನ ಬ್ಯಾಂಕು ಬರಲಿ ಎಂದು ಕಾಯಲಿಲ್ಲ. ಸಣ್ಣ ಸಣ್ಣ ಹಣ ಕೂಡಿಸಿ ತಾವೇ ಕಟ್ಟಿದರು. ಇಂದು ನಮ್ಮಲ್ಲಿರುವ ಬಂಡವಾಳ ಊರಿಗೆ ಮರಳಿ ಬಂದಿರುವ ಈ ಯುವಜನರೇ. ಮುಂದಿನ ಆದಿತ್ಯವಾರ ಅವರು ಎದುರಿಗೆ ಸಿಕ್ಕಿದಾಗ "ಇನ್ನೂ ಹೋಗಲಿಲ್ಲವಾ?" ಎಂದು ಕೇಳುವ ಬದಲು, "ನಿಮ್ಮ ಕೆಲಸಕ್ಕೆ ಇಲ್ಲಿ ಏನು ಬೇಕು?" ಎಂದು ಕೇಳೋಣವೇ?